ಬೆನಕಪ್ಪ ಮೇಷ್ಟ್ರಿಗೆ ಬಾರದ್ದು

ಮಾವಿನಕೊಪ್ಪದ ಮಿಡ್ಲ್ ಸ್ಕೂಲಿನ ಬೆನಕಪ್ಪ ಮೇಷ್ಟ್ರು ವ್ಯವಸಾಯದ ಮೇಷ್ಟ್ರಾದದ್ದು ಹೆಂಡತಿಯ ಕಡೆಯಿಂದ. ಹೀಗೆಂದರೆ ಯಾರೂ ಅಪಾರ್ಥ ಮಾಡಿಕೊಳ್ಳಬಾರದು. ಶಾಲೆಗಳಲ್ಲಿ ವ್ಯವಸಾಯ ಕಲಿಸತಕ್ಕದ್ದು ಎಂದು ಸರ್ಕಾರ ಹುಕುಂ ಮಾಡಿದ ವರ್ಷ, ಹೆಡ್ ಮಾಸ್ಟರ್ ಪರಮಶಿವಪ್ಪನವರು ಇದ್ದಬದ್ದ ಮೇಷ್ಟ್ರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, "ನಿಮ್ಮಲ್ಲಿ ಯಾರ ಮನೇಲಿ ಹೊಲ ಐತ್ರಪ್ಪಾ?" ಎಂದು ಕೇಳಿದರು. ಒಬ್ಬರ ಮನೆಯಲ್ಲಿ ಪೌರೋಹಿತ್ಯವಿತ್ತು. ಇನ್ನೊಬ್ಬರ ಮನೆಯಲ್ಲಿ ಹೊಲದ ವ್ಯಾಜ್ಯವಿತ್ತು, ಹೊಲವಿರಲಿಲ್ಲ. ಬೆನಕಪ್ಪನವರಂತೂ ಶಿಕಾರಿಪುರದ ಬಟ್ಟೆ ಅಂಗಡಿಯ ಮನೆತನದವರು. ಹೊಲ ಎಂಬ ವಸ್ತುವನ್ನು ಅವರು ಬಸ್ಸಿನ ಕಿಟಕಿಯಿಂದ ನೋಡಿ ಬಲ್ಲವರು. ಆದರೂ ಎಲ್ಲರೂ ಸುಮ್ಮನಿದ್ದಾಗ ಏನಾದರೊಂದು ಆಡದೆ ಇರಲಾರದ ಅವರ ಬಾಯಿ, "ನಮ್ಮ ಮಾವನೋರ್ದು ಉಡುತಡೀಲಿ ಒಂದಿಷ್ಟು ಗದ್ದೆ ಐತೆ ಸಾರ್" ಎಂದುಬಿಟ್ಟಿತು.

"ಮತ್ತೇನು! ರೈತನ ಅಳಿಯ ಅಂದ್ರೆ ರೈತನೇ ಆದಂಗೆ" ಎಂದು ಪರಮಶಿವಪ್ಪನವರು ತೀರ್ಪು ಕೊಟ್ಟರು. ಅಲ್ಲಿಗೆ ಬೆನಕಪ್ಪನವರು ವ್ಯವಸಾಯದ ಮೇಷ್ಟ್ರಾದರು, ಅದೂ ಟೆಂಪರರಿಯಾಗಿ.

ಅವರು ಪಾಠ ಮಾಡುತ್ತಿದ್ದ ಕ್ರಮ ನೋಡಲು ಬಲು ಚೆಂದ. ಶಾಲೆಗೆಂದು ಪಟೇಲ್ ವೀರಬಸಪ್ಪನವರು ಬಿಟ್ಟುಕೊಟ್ಟ ಒಂದು ತುಂಡು ಗದ್ದೆ ಕೆರೆಯ ಪಕ್ಕದಲ್ಲಿತ್ತು. ಪಟೇಲರ ಆಳು ಗದ್ದೆಯಲ್ಲಿ ಉಳುತ್ತಿದ್ದ. ಮೇಷ್ಟ್ರು ಬದುವಿನ ಮೇಲೆ ಕೊಡೆ ಬಿಚ್ಚಿ ನಿಂತು, ಪುಸ್ತಕ ಹಿಡಿದು, "ಕೈಯಲ್ಲಿ ಹಿಡಿಯತಕ್ಕಂಥದ್ದು ಮೇಳಿ, ನೆಲಕ್ಕೆ ನಾಟತಕ್ಕಂಥದ್ದು ಗುಳ, ಹೆಗಲ ಮೇಲೆ ಇರತಕ್ಕಂಥದ್ದು ನೊಗ" ಎಂದು ಓದುತ್ತಿದ್ದರು. ಹುಟ್ಟಿದಾಗಿನಿಂದ ಇವುಗಳ ನಡುವೆಯೇ ಬೆಳೆದ ರೈತರ ಮಕ್ಕಳು ಇದನ್ನೆಲ್ಲ ಭಕ್ತಿಯಿಂದ ಬರೆದುಕೊಳ್ಳುತ್ತಿದ್ದವು. ಬೆಳೆ ಬರುತ್ತಿತ್ತು. ಬೆಳೆ ಬಂದಮೇಲೆ ಮೇಷ್ಟ್ರಿಗೆ ವ್ಯವಸಾಯ ಬರುವುದಿಲ್ಲ ಎಂದು ಯಾರು ಹೇಳಿಯಾರು? ಊರಿನ ಕಾಗದ ಪತ್ರ, ಅರ್ಜಿ, ಲಗ್ನಪತ್ರಿಕೆಯ ಒಕ್ಕಣೆ, ಎಲ್ಲ ಅವರ ಕೈಯಲ್ಲೇ ಆಗುತ್ತಿದ್ದುದರಿಂದ ಹೇಳಬೇಕೆಂದು ಯಾರಿಗೂ ಅನಿಸಿರಲೂ ಇಲ್ಲ.

ಕಷ್ಟವಿದ್ದದ್ದು ಒಂದೇ. ಶಿಕಾರಿಪುರದಲ್ಲಿ ಅವರ ಅಣ್ಣ ಶಿವಮೂರ್ತಪ್ಪನವರು ಅಂಗಡಿಯಲ್ಲಿ ಕೂತು, ತಮ್ಮನ ಟೆಂಪರರಿ ನೌಕರಿ ಯಾವಾಗ ಹೋಗುತ್ತದೋ ಎಂದು ಕಾಯುತ್ತಿದ್ದರು. ಹಬ್ಬಕ್ಕೆ ಹೋದಾಗಲೆಲ್ಲ, "ಗಜಕಡ್ಡಿ ಹಿಡಿಯೋಕೆ ಮನೆಯವ್ರೇ ಒಬ್ರು ಬೇಕು ಕಣೋ. ಸರ್ಕಾರ ನಿನ್ನನ್ನ ಎಷ್ಟು ದಿನ ಇಟ್ಕೊಂತದೆ ನೋಡಾನ" ಎನ್ನುತ್ತಿದ್ದರು. ನೌಕರಿ ಹೋದರೆ ಆ ಅಂಗಡಿ, ಆ ಮನೆ, ಆ ಮನೆಯ ಅಡಿಗೆಮನೆಯಲ್ಲಿ ಮೂರು ಹೊತ್ತೂ ವಾರಗಿತ್ತಿಯರ ಮಾತು. ಇದನ್ನು ನೆನೆದರೆ ಮೇಷ್ಟ್ರ ಹೆಂಡತಿ ನೀಲಾಂಬಿಕಮ್ಮನವರಿಗೆ ತುತ್ತು ಇಳಿಯುತ್ತಿರಲಿಲ್ಲ. "ಏನಾದ್ರೂ ಮಾಡಿ ಪರ್ಮನೆಂಟ್ ಆಗ್ರಿ. ಬ್ಯಾರೆ ಏನೂ ಬ್ಯಾಡ" ಎಂದು ಗಂಡನಿಗೆ ಅವರು ದಿನಾ ಹೇಳುತ್ತಿದ್ದರು.

ಹೀಗಿರುವಾಗ ಆ ವರ್ಷದ ಶ್ರಾವಣದ ಹೊತ್ತಿಗೆ ಸರ್ಕಾರಕ್ಕೆ ಇನ್ನೊಂದು ಯೋಚನೆ ಬಂತು. ವ್ಯವಸಾಯದ ಮೇಷ್ಟ್ರುಗಳಿಗೆ ಏನೇನು ಕಲಿಸಬೇಕಾಗಿದೆ ಎಂದು ಅವರನ್ನೇ ಕೇಳಿ ತಿಳಿದುಕೊಂಡು ಬನ್ನಿ ಎಂದು ಒಬ್ಬ ಅಧಿಕಾರಿಯನ್ನು ಕಳಿಸಿತು. ಮಧುಕೇಶ್ವರ ಹೆಗಡೆ ಎಂದು ಅವರ ಹೆಸರು. ಸೊರಬದ ಪಡುವಣ ಕಡೆಯವರು. ಮೆತ್ತಗಿನ ಮನುಷ್ಯ. ಅವರು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ವ್ಯವಸಾಯದ ಮೇಷ್ಟ್ರುಗಳನ್ನು ಶಿಕಾರಿಪುರದ ಶಾಲೆಯೊಂದರ ಹಾಲಿಗೆ ಕರೆಸಿ, ಕಾಫಿ ಕೊಡಿಸಿ, ಕೈಮುಗಿದು ನಿಂತುಕೊಂಡರು.

"ನಿಮಗೆ ಏನು ಗೊತ್ತಿದೆ ಅಂತ ಕೇಳ್ಳಿಕ್ಕೆ ನಾನು ಬಂದಿದ್ದಲ್ಲ ಮಾರಾಯ್ರೆ. ಏನು ಗೊತ್ತಿಲ್ಲ ಅಂತ ಹೇಳಿ. ಡಾಕ್ಟರ ಹತ್ರ ಹೇಳ್ಕೊಂಡ ಹಾಗೆ ಹೇಳ್ಕೊಳ್ಳಿ. ಗೊತ್ತಿಲ್ಲದ್ದನ್ನ ಸರ್ಕಾರವೇ ಕಲಿಸ್ತದೆ."

ಹಾಲಿನಲ್ಲಿದ್ದವರೆಲ್ಲ ಕೈಯಲ್ಲಿದ್ದ ಕಾಫಿಯನ್ನು ಅನುಮಾನದಿಂದ ನೋಡಿದರು. ಮೇಷ್ಟ್ರುಗಳು ಇನ್‌ಸ್ಪೆಕ್ಟರುಗಳನ್ನು ಕಂಡವರು. ಗದರಿಸುವವರನ್ನು ಕಂಡಿದ್ದರು, ತುಪ್ಪ ಕೇಳುವವರನ್ನು ಕಂಡಿದ್ದರು. ಕಾಫಿ ಕೊಡಿಸಿ ಕೈಮುಗಿಯುವವರನ್ನು ಕಂಡಿರಲಿಲ್ಲ.

"ಬಲೆ ಕಣ್ರೀ ಇದು" ಎಂದು ಹಿಂದಿನ ಬೆಂಚಿನವರೊಬ್ಬರು ಪಿಸುಗುಟ್ಟಿದರು. "ಆ ಕಡೆ ಯಾರೋ ಒಬ್ಬ ಕಸಿ ಕಟ್ಟೋಕೆ ಬರಾದಿಲ್ಲ ಅಂದ್ನಂತೆ. ಮಾರನೆ ದಿನವೇ ಮನೆಗೆ ಕಳಿಸಿದ್ರಂತೆ."

"ಯಾವ ಕಡೆ? ಯಾರು?"

"ಅದು ಗೊತ್ತಿಲ್ಲ. ಕಳಿಸಿದ್ದು ಮಾತ್ರ ನಿಜವಂತೆ."

ಇಷ್ಟು ಖಚಿತವಾದ ಸುದ್ದಿ ಸಿಕ್ಕಮೇಲೆ ಯಾರು ಬಾಯಿ ಬಿಡುತ್ತಾರೆ? ಹೆಗಡೆಯವರು ಮೊದಲನೆಯವರನ್ನು ಕೇಳಿದರು, "ಕಸಿ ಕಟ್ಟೋದು ಕಲೀಬೇಕು ಅಂತ ಇದ್ಯಾ?"

"ಬರ್ತದೆ ಸಾರ್."

"ಕೀಟದ ಔಷಧಿ ಹೊಡಿಯೋದು?"

"ಅದೂ ಬರ್ತದೆ ಸಾರ್."

"ಜಪಾನ್ ಪದ್ಧತಿಯ ಭತ್ತದ ನಾಟಿ? ಅದಾದ್ರೂ ಹೊಸದಲ್ವ?"

"ಜಪಾನಿನೋರಿಗಿಂತ ಚೆನ್ನಾಗಿ ಬರ್ತದೆ ಸಾರ್."

ಹೀಗೆ ಬೆಂಚಿನಿಂದ ಬೆಂಚಿಗೆ ಹೋದಂತೆ ಹೆಗಡೆಯವರ ಮುಖ ಬಾಡುತ್ತ ಬಂತು. ಹೀಗೆ ಎಲ್ಲ ಬಲ್ಲವರೇ ತುಂಬಿದ ಎರಡು ತಾಲ್ಲೂಕುಗಳು ಇಡೀ ಮೈಸೂರು ರಾಜ್ಯದಲ್ಲೇ ಇರಲಾರವು ಎಂದು ಅವರಿಗೆ ಅನಿಸಿರಬೇಕು. ಕೊನೆಗೆ ಆನವಟ್ಟಿಯ ಕಡೆಯ ಒಬ್ಬ ಎಳೆಯ ಮೇಷ್ಟ್ರು ಎದ್ದು, "ನಾನು ಬರೇ ಪುಸ್ತಕ ಓದಿಸೋದಿಲ್ಲ ಸಾರ್. ಮಕ್ಕಳನ್ನ ಗದ್ದೆಗೇ ಕರ್ಕೊಂಡ್ ಹೋಗಿ, ಆಳು ಉಳೋವಾಗ ಬದುವಿನ ಮೇಲೆ ನಿಂತು ವಿವರಿಸ್ತೀನಿ" ಎಂದು ಎದೆಯುಬ್ಬಿಸಿ ಕೂತರು.

ಮುಂದಿನ ಸರದಿ ಬೆನಕಪ್ಪನವರದು. ಅವರು ಹೇಳಬೇಕೆಂದಿದ್ದದ್ದೂ ಇದನ್ನೇ. ಬದು, ಕೊಡೆ, ವಿವರಣೆ, ಎಲ್ಲವನ್ನೂ ಆ ಮನುಷ್ಯ ಕಿತ್ತುಕೊಂಡುಬಿಟ್ಟಿದ್ದ. ಇನ್ನು ಉಳಿದಿದ್ದದ್ದು ನೇಗಿಲೊಂದೇ.

"ನಾನು ಬದುವಿನ ಮೇಲೆ ನಿಲ್ಲಾದಿಲ್ಲ ಸಾರ್. ನಾನೇ ನೇಗಿಲು ಹಿಡೀತೀನಿ."

ಹೆಗಡೆಯವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಎಂಥದು? ನೀವೇ?"

"ನಾನೇ ಸಾರ್."

"ಕಚ್ಚೆ ಹಾಕಿ?"

"ಕಚ್ಚೆ ಹಾಕದೆ ಉಳೋಕಾಗ್ತದಾ ಸಾರ್" ಎಂದು ಮೇಷ್ಟ್ರು ಸ್ವಲ್ಪ ಬೇಸರದಿಂದಲೇ ಹೇಳಿದರು. ಸುಳ್ಳಿಗೆ ಒಂದು ವೇಗವಿರುತ್ತದೆ. ಇಳಿಜಾರಿನಲ್ಲಿ ಅದು ತಾನೇ ಓಡುತ್ತದೆ.

"ಹಾಗಾದ್ರೆ ನಾನು ಬಂದು ನೋಡ್ಬೇಕು! ನಿಮ್ಮಂಥವ್ರು ಹೇಗೆ ಕಲಿತ್ರು ಅಂತ ತಿಳಿದ್ರೆ ಉಳಿದವ್ರಿಗೆ ಏನು ಕಡಿಮೆ ಅಂತ ತಿಳೀತದೆ. ನೀವು ಟೆಂಪರರಿಯಾ? ಇರ್ಲಿ, ನೋಡಿದ ಮೇಲೆ ನಿಮ್ಮ ವಿಷಯ ಮೇಲಿನವ್ರಿಗೆ ಬರೀತೇನೆ. ಒಳ್ಳೇದಿದ್ರೆ ಒಳ್ಳೇದು..." ಹೆಗಡೆಯವರು ಅಲ್ಲಿಗೆ ನಿಲ್ಲಿಸಿದರು. ಒಳ್ಳೆಯದಿಲ್ಲದಿದ್ದರೆ ಏನೆಂಬುದನ್ನು ಇಡೀ ಹಾಲು ತುಂಬಿಕೊಂಡಿತು. "ಯಾವತ್ತು ಬರ್ಲಿ ಹೇಳಿ."

ಬೆನಕಪ್ಪನವರು ಬೆರಳು ಮಡಿಸಿ ವಾರದ ದಿನಗಳನ್ನು ಎಣಿಸಿದರು. ಆಮೇಲೆ ಅವರ ಜೀವಮಾನದಲ್ಲೇ ಅತ್ಯಂತ ಜಾಣ ಯೋಚನೆಯೊಂದು ಹೊಳೆಯಿತು.

"ಬರೋ ಸೋಮವಾರ ಬರ್ರಿ ಸಾರ್."

ಈ ಜಾಣತನವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾವಿನಕೊಪ್ಪದ ಸೀಮೆಯಲ್ಲಿ ಸೋಮವಾರವೆಂದರೆ ಬಸವಣ್ಣನ ವಾರ. ಅಂದು ಎತ್ತಿನ ಹೆಗಲಿಗೆ ನೊಗ ಏರುವುದಿಲ್ಲ. ಮಳೆ ಬರಲಿ, ಬಿಡಲಿ, ಹದ ತಪ್ಪಿ ಹೋಗಲಿ, ಎತ್ತು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ಮಲಗಿರಬೇಕು. ಅದರಲ್ಲೂ ಶ್ರಾವಣದ ಸೋಮವಾರ! ಹೆಗಡೆಯವರ ಊರಿನ ಅಡಿಕೆ ತೋಟದಲ್ಲಿ ನೇಗಿಲಿಗೆ ಕೆಲಸವೇ ಇಲ್ಲವಾದ್ದರಿಂದ ಅವರಿಗೆ ಇದು ಗೊತ್ತಿರಲಿಲ್ಲ. ಅವರು ಬರಲಿ, "ಅಯ್ಯೋ ಸಾರ್, ಇವತ್ತು ಸೋಮವಾರ ಅನ್ನೋದೇ ಮರ್ತಿದ್ದೆ, ಎಂಥ ಕೆಲ್ಸ ಆತು!" ಎಂದು ಹಣೆ ಹಣೆ ಚಚ್ಚಿಕೊಂಡು, ಒಬ್ಬಟ್ಟಿನ ಊಟ ಹಾಕಿ ಕಳಿಸಿದರಾಯಿತು. ಮೇಷ್ಟ್ರು ಬಸ್ಸಿನಲ್ಲಿ ಸೀಟಿ ಊದುತ್ತ ಊರಿಗೆ ಬಂದರು.

ಮನೆಯಲ್ಲಿ ಸುದ್ದಿ ಕೇಳಿ ನೀಲಾಂಬಿಕಮ್ಮ ಒರಳುಕಲ್ಲಿನ ಮುಂದೆ ಹಾಗೇ ಕೂತುಬಿಟ್ಟರು.

"ನೀವು ಉಳ್ತೀರಾ? ಅವತ್ತು ನಮ್ಮ ಎಮ್ಮೆ ಕಟ್ಟೋಕೆ ಹೋಗಿ ಹಗ್ಗಾನ ನಿಮ್ಮ ಕಾಲಿಗೇ ಸುತ್ಕೊಂಡು, ಎಮ್ಮೆ ನಿಮ್ಮನ್ನ ಹಿತ್ತಲ ತುಂಬ ಎಳ್ಕೊಂಡು ತಿರುಗಿದ್ದು ಮರ್ತೋತಾ?"

"ಉಳೋ ಮಾತೇ ಬರಾದಿಲ್ಲ ಕಣೇ. ಸೋಮವಾರ ಹೇಳಿ ಬಂದೀನಿ."

ನೀಲಾಂಬಿಕಮ್ಮ ಒಂದು ನಿಮಿಷ ಗಂಡನ ಮುಖ ನೋಡಿದರು. ಮದುವೆಯಾದ ಮೇಲೆ ಮೊದಲ ಸಲ ಅವರಿಗೆ ಗಂಡನ ಮೇಲೆ ಸ್ವಲ್ಪ ಭರವಸೆ ಬಂತು. ಆ ಸಂತೋಷದಲ್ಲಿ ಪಕ್ಕದ ಮನೆಯ ವನಜಮ್ಮನಿಗೆ, "ಯಾರಿಗೂ ಹೇಳಬ್ಯಾಡ" ಎಂದು ಒಂದು ಮಾತು ಹೇಳಿದರು. ಎಮ್ಮೆ ಕರೆಯುವ ಹೊತ್ತಿಗೆ ಅದು ಪಟೇಲರ ಜಗಲಿ ಮುಟ್ಟಿತ್ತು. ದಾರಿಯಲ್ಲಿ ಮಾತಿನ ಅರ್ಧ ಭಾಗ ಉದುರಿಹೋಗಿ, ಅಲ್ಲಿಗೆ ತಲುಪಿದ್ದು ಇಷ್ಟೇ: ಸೋಮವಾರ ದೊಡ್ಡ ಅಧಿಕಾರಿ ಬರುತ್ತಾರೆ, ಮೇಷ್ಟ್ರು ಉತ್ತು ತೋರಿಸಬೇಕು, ತೋರಿಸದಿದ್ದರೆ ನೌಕರಿ ಹೋಗುತ್ತದೆ.

ರಾತ್ರಿಯಾಗುವ ಮುಂಚೆಯೇ ಪಟೇಲರ ಜಗಲಿಯಲ್ಲಿ ಊರು ಸೇರಿತು. ಬೆನಕಪ್ಪನವರಿಗೂ ಕರೆ ಬಂತು.

"ಮೇಷ್ಟ್ರೇ, ನೀವು ಹೋದ್ರೆ ಆ ವ್ಯವಸಾಯದ ಕ್ಲಾಸೇ ಆನವಟ್ಟಿಗೆ ಹೋಗ್ತದೆ" ಎಂದರು ಪಟೇಲರು. "ಹೈಸ್ಕೂಲು ಆಗ್ಲೇ ಅವ್ರು ಹೊಡ್ಕೊಂಡ್ರು. ಆಸ್ಪತ್ರೆ ಹೊಡ್ಕೊಂಡ್ರು. ಗದ್ದೆ ಬಿಟ್ಟುಕೊಟ್ಟೋನು ನಾನು, ಹೆಸರು ಅವ್ರಿಗಾ?"

"ಏನ್ಮಾಡೋದು ಪಟೇಲ್ರೇ" ಎಂದು ಮೇಷ್ಟ್ರು ಮುಖವನ್ನು ಆದಷ್ಟು ಸಣ್ಣದು ಮಾಡಿಕೊಂಡರು. "ನನಗೂ ಉಳ್ಬೇಕು ಅಂತ ಬಹಳ ಆಸೆ ಇತ್ತು. ಸೋಮವಾರ ಆಗ್ಬಿಡ್ತು. ಪದ್ಧತಿ ಮೀರೋಕಾಗ್ತದಾ?"

"ಮೀರೋಕಾಗಾದಿಲ್ಲ" ಎಂದಿತು ಊರು ಒಕ್ಕೊರಲಿನಿಂದ. ಮೇಷ್ಟ್ರ ಹೊಟ್ಟೆ ತಣ್ಣಗಾಯಿತು.

ಪಟೇಲರು ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಬಾಯಿಗೆ ಹಾಕಿಕೊಂಡರು. ಆಮೇಲೆ ಮೂಲೆಯಲ್ಲಿ ಕೂತಿದ್ದ ಮಠದ ಅಯ್ಯನವರ ಕಡೆ ತಿರುಗಿದರು.

"ಅಯ್ಯನೋರೇ, ನೊಗ ಇಡಬಾರದು ಅಂತಿರೋದು ಎತ್ತಿಗಲ್ವಾ? ಕೋಣಕ್ಕೆ ಏನಾದ್ರೂ ಐತಾ?"

ಅಯ್ಯನವರು ಕಣ್ಣು ಮುಚ್ಚಿ ಯೋಚನೆ ಮಾಡಿದರು. ಇಡೀ ಜಗಲಿ ಉಸಿರು ಬಿಗಿಹಿಡಿಯಿತು. ಬೆನಕಪ್ಪನವರದು ಹಿಡಿಯದೆಯೇ ನಿಂತಿತ್ತು.

"ಎತ್ತು ಬಸವಣ್ಣ" ಎಂದರು ಅಯ್ಯನವರು ನಿಧಾನವಾಗಿ. "ಕೋಣ ಯಮಂದು. ಯಮಂಗೆ ಸೋಮವಾರ ರಜಾ ಐತಿ ಅಂತ ನಾನೆಲ್ಲೂ ಕೇಳಿಲ್ಲ."

ಊರಿಗೆ ಊರೇ ಹೋ ಎಂದಿತು. ಸೊರಬದ ಕಡೆ ಕೆಸರುಗದ್ದೆಗೆ ಕೋಣ ಹೂಡುವುದುಂಟು. ಆನವಟ್ಟಿಯಾಚೆಯ ಉಚ್ಚಂಗಪ್ಪನ ಜೋಡಿ ಕೋಣ ತರಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಊರಿನ ಮಾನ ಉಳಿಯಿತೆಂದು ಒಬ್ಬೊಬ್ಬರೂ ಬಂದು ಮೇಷ್ಟ್ರ ಬೆನ್ನು ತಟ್ಟಿ ಹೋದರು. ಮೇಷ್ಟ್ರು ಎಲ್ಲರಿಗೂ ನಕ್ಕರು. ಮನೆಗೆ ಬಂದು ಜ್ವರ ಬರಿಸಿಕೊಳ್ಳಲು ನೋಡಿದರು. ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಮಲಗಿದರು. ಜ್ವರ ಬರಲಿಲ್ಲ, ನೀಲಾಂಬಿಕಮ್ಮನವರು ಈರುಳ್ಳಿ ವಾಪಸು ತೆಗೆದುಕೊಂಡು ಹುಳಿಗೆ ಹೆಚ್ಚಿದರು.

ಸೋಮವಾರ ಬಂತು. ಎಷ್ಟೋ ದಿನದಿಂದ ಮುಖ ತೋರಿಸದಿದ್ದ ಸೂರ್ಯನೂ ಅಂದು ಉಳುಮೆ ನೋಡಲು ಬಂದ. ಹೆಗಡೆಯವರು ಜೀಪಿನಲ್ಲಿ ಬಂದಿಳಿದರು. ಕೆರೆ ಏರಿಯ ಮೇಲೆ ಜನ ಕಿಕ್ಕಿರಿದಿದ್ದರು. ಹೆಡ್ ಮಾಸ್ಟರ್ ಪರಮಶಿವಪ್ಪನವರು ಶಾಲೆಗೆ ರಜಾ ಕೊಟ್ಟು, ಇದ್ದೊಂದು ಕೋಟು ಹಾಕಿಕೊಂಡು ನಿಂತಿದ್ದರು. ಶಿಕಾರಿಪುರದಿಂದ ಅಣ್ಣ ಶಿವಮೂರ್ತಪ್ಪನವರೂ ಬಂದಿದ್ದರು.

"ನೀನು ಉಳ್ತೀಯಂತೆ ಅಂತ ಸಂತೇಲಿ ಹೇಳಿದ್ರು" ಎಂದರು ಅಣ್ಣ. "ನೋಡ್ಕೊಂಡು, ಹಂಗೇ ನಿನ್ನ ಸಾಮಾನು ಸಾಗಿಸೋಕೆ ಗಾಡಿ ಗೊತ್ತು ಮಾಡಾನ ಅಂತ ಬಂದೆ."

ಕೋಣಗಳು ಬಂದವು. ಮೇಷ್ಟ್ರು ಇಷ್ಟು ಹತ್ತಿರದಿಂದ ಕೋಣ ನೋಡಿದ್ದು ಇದೇ ಮೊದಲು. ಅವು ಇವರನ್ನು ನೋಡಲೇ ಇಲ್ಲ. ಉಚ್ಚಂಗಪ್ಪ ಹೂಡಿಕೊಟ್ಟು, "ಇವು ಒಳ್ಳೇವು ಮಾರಾಯ್ರೆ. ಬಿಸಿಲಿಗೆ ಮಾತ್ರ ಸ್ವಲ್ಪ ತಡ್ಕಳದಿಲ್ಲ, ಅಷ್ಟೇಯ" ಎಂದು ಹೇಳಿ ಬದಿಗೆ ಸರಿದ. ಈ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೇಷ್ಟ್ರು ಕಚ್ಚೆ ಬಿಗಿದು ಮೇಳಿ ಹಿಡಿದರು. ಯಾರೋ ಅವರ ಕೊಡೆ ಕಿತ್ತುಕೊಂಡರು. "ಹೂಂ" ಎಂದರು ಮೇಷ್ಟ್ರು. ಕೋಣ ಕದಲಲಿಲ್ಲ. "ನಡೀರಿ" ಎಂದರು, ಮರ್ಯಾದೆಯಿಂದಲೇ. ಏರಿಯ ಮೇಲಿನ ಜನ ಎತ್ತಿಗೆ ಹಾಕುವ ಕೂಗನ್ನೆಲ್ಲ ಹಾಕಿದರು. ಸೊರಬದ ಕೋಣಗಳಿಗೆ ಶಿಕಾರಿಪುರದ ಕೂಗು ಹಿಡಿಸಲಿಲ್ಲ. ಕೊನೆಗೆ ಉಚ್ಚಂಗಪ್ಪ ನಾಲಿಗೆಯಲ್ಲಿ ಲೊಟಕ್ಕನೆ ಒಂದು ಸದ್ದು ಮಾಡಿದ. ಕೋಣ ಹೊರಟವು.

ಹತ್ತು ಹೆಜ್ಜೆ ಚೆನ್ನಾಗಿಯೇ ಹೋದವು. ಹೆಗಡೆಯವರು "ಭೇಷ್" ಎಂದರು. ಪಟೇಲರು ಮೀಸೆ ಸವರಿದರು. ಅಷ್ಟರಲ್ಲಿ ಬೆನ್ನಿಗೆ ಬಿಸಿಲು ತಾಗಿದ ಕೋಣಗಳು ತಲೆಯೆತ್ತಿದವು. ಎದುರಿಗೆ ತುಂಬಿದ ಕೆರೆ ಕಂಡಿತು.

ಅಲ್ಲಿಂದ ಮುಂದಿನದಕ್ಕೆ ಉಳುಮೆ ಎನ್ನುವುದೋ ಸವಾರಿ ಎನ್ನುವುದೋ ಎಂಬ ಚರ್ಚೆ ಮಾವಿನಕೊಪ್ಪದಲ್ಲಿ ಬಹಳ ದಿನ ನಡೆಯಿತು. ಕೋಣಗಳು ಗದ್ದೆ ದಾಟಿದವು, ಬದು ಹಾರಿದವು, ಏರಿಯ ತಗ್ಗಿನಲ್ಲಿ ನಿಂತಿದ್ದ ಪರಮಶಿವಪ್ಪನವರ ಕೋಟಿಗೆ ಕೆಸರಿನ ಅಭಿಷೇಕ ಮಾಡಿದವು. "ಬಿಡ್ರೀ ಮೇಷ್ಟ್ರೇ, ಮೇಳಿ ಬಿಡ್ರೀ!" ಎಂದು ಊರೆಲ್ಲ ಕಿರುಚಿತು. ಆದರೆ ಉಳುವವನು ಯಾವ ಕಾರಣಕ್ಕೂ ಮೇಳಿಯ ಹಿಡಿತ ಸಡಿಲಿಸತಕ್ಕದ್ದಲ್ಲ ಎಂದು ಪುಸ್ತಕದಲ್ಲಿತ್ತು. ಮೇಷ್ಟ್ರು ಪುಸ್ತಕಕ್ಕೆ ದ್ರೋಹ ಬಗೆಯುವವರಲ್ಲ. ಒಂದು ಸಲ ಹೊಟ್ಟೆಯ ಮೇಲೆ, ಒಂದು ಸಲ ಬೆನ್ನ ಮೇಲೆ, ಹೇಗೆ ಸಾಧ್ಯವೋ ಹಾಗೆ ನೇಗಿಲ ಹಿಂದೆ ಹೋದರು. ಕೆರೆಗೆ ಇಳಿದ ಕೋಣಗಳು ಮೂಗೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮುಳುಗಿಸಿ ಹಾಯಾಗಿ ಕೂತವು. ಅವುಗಳ ಹಿಂದೆ ಎದೆಮಟ್ಟ ನೀರಿನಲ್ಲಿ ಮೇಷ್ಟ್ರು ಮೇಳಿ ಹಿಡಿದೇ ನಿಂತಿದ್ದರು.

ಏರಿಯ ಮೇಲೆ ಮೊದಲು ಮಾತಾಡಿದವರು ಅಣ್ಣ.

"ಉಳುಮೆ ಪರವಾಗಿಲ್ಲ. ಮೀನು ಬಿತ್ತೋದು ಯಾವಾಗ?"

ಪಟೇಲರು ಸೋಲುವ ಜನ ಅಲ್ಲ. ಹೆಗಡೆಯವರ ಕಡೆ ತಿರುಗಿ, "ಜಪಾನ್ ಪದ್ಧತಿ ಸ್ವಾಮಿ. ನೀರಲ್ಲೇ ಉಳೋದು" ಎಂದರು.

"ಪಟೇಲ್ರೇ, ಜಪಾನ್ ಪದ್ಧತೀಲಿ ಕೆರೆ ಉಳೋದಿಲ್ಲ."

"ನಿಮ್ಮ ಕಡೆ ಜಪಾನು ಬ್ಯಾರೆ ಇರ್ಬೇಕು ಸ್ವಾಮಿ."

"ಹಿಂಗೆ ಉಳಬಾರದು ಅಂತ ತೋರಿಸ್ತಿದಾರೆ ಸಾರ್. ಅದೂ ಒಂದು ಪಾಠವೇ" ಎಂದು ಪರಮಶಿವಪ್ಪನವರು ಕೋಟು ಒರೆಸಿಕೊಳ್ಳುತ್ತ ಸೇರಿಸಿದರು.

ಮೇಷ್ಟ್ರನ್ನು ಎಳೆದು ದಡಕ್ಕೆ ತಂದರು. ಹೆಗಡೆಯವರು ಅವರ ಮುಂದೆ ಬದುವಿನ ಮೇಲೆಯೇ ಕೂತುಬಿಟ್ಟರು. ಅವರ ದನಿಯಲ್ಲಿ ಅಧಿಕಾರಿಯ ಗತ್ತು ಒಂದಿಷ್ಟೂ ಉಳಿದಿರಲಿಲ್ಲ.

"ಮೇಷ್ಟ್ರೇ, ನಿಮ್ಮ ಕಾಲು ಹಿಡ್ಕೊಂತೇನೆ. ಏನಾದ್ರೂ ಒಂದು ಬರೋದಿಲ್ಲ ಅಂತ ಹೇಳಿ. ಎರಡು ತಾಲ್ಲೂಕು ತಿರುಗಿದೆ, ಒಬ್ಬರಿಗೂ ಏನೂ ಕಡಿಮೆ ಇಲ್ಲ. ಯಾರಿಗೂ ಏನೂ ಬೇಡ ಅಂತ ಮೇಲೆ ಬರೆದ್ರೆ, ಹಾಗಾದ್ರೆ ನೀನ್ಯಾಕೆ ಅಂತ ನನ್ನನ್ನೇ ಮನೆಗೆ ಕಳಿಸ್ತಾರೆ. ನಿಮ್ಮಿಂದ ಒಂದು ಸಂಸಾರ ಉಳೀತದೆ."

ಬೆನಕಪ್ಪನವರು ಬಾಯಿ ತೆರೆದರು. ಹೆಗಡೆಯವರ ಹಿಂದೆ ಅಣ್ಣ ಗಾಡಿಯವನ ಹತ್ತಿರ ಬಾಡಿಗೆ ಚೌಕಾಸಿ ಮಾಡುತ್ತಿದ್ದದ್ದು ಕಂಡಿತು. ಬಾಯಿ ಮುಚ್ಚಿದರು. ಮತ್ತೆ ತೆರೆದರು. "ಸಾರ್, ಈ ನೇಗಿಲು ಹಿಡಿಯೋದು..."

"ಸಂಕೋಚ ಸ್ವಾಮಿ ಅವ್ರಿಗೆ" ಎಂದು ಪಟೇಲರು ಅಡ್ಡ ಬಂದರು. "ಎಲ್ಲಾ ಬರ್ತದೆ. ಹೇಳ್ಕೊಳ್ಳಾದಿಲ್ಲ ಅಷ್ಟೇ."

ಆ ಹೊತ್ತಿಗೆ ನೀಲಾಂಬಿಕಮ್ಮನವರು ಒಣಗಿದ ಪಂಚೆ ಹಿಡಿದುಕೊಂಡು ಜನರನ್ನು ಸೀಳಿಕೊಂಡು ಬಂದರು. ಗಂಡ ಮುಳುಗಿಹೋದ ಎಂದು ವನಜಮ್ಮ ಓಡಿ ಬಂದು ಹೇಳಿದ್ದಳು. ಗಂಡ ಮುಳುಗಿರಲಿಲ್ಲ. ತಲೆಯ ಮೇಲೆ ಪಾಚಿ ಇಟ್ಟುಕೊಂಡು ಕೂತಿದ್ದರು. ಬದುಕಿರುವ ಗಂಡನನ್ನು ಕಂಡ ಸಮಾಧಾನಕ್ಕೆ ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಪಂಚೆಯನ್ನು ಗಂಡನ ತಲೆಯ ಮೇಲೆ ಹಾಕಿ ಗಸಗಸನೆ ಉಜ್ಜುತ್ತ ಶುರು ಮಾಡಿದರು.

"ಬಂದ್ರೆ ಮಾಡ್ಬೇಕು, ಬರದಿದ್ರೆ ಬರಾದಿಲ್ಲ ಅನ್ಬೇಕು! ಏನ್ ಬರ್ತದೆ ನಿಮ್ಗೆ? ಈರುಳ್ಳಿ ಗಡ್ಡೆ ತಲೆಕೆಳಗು ನೆಟ್ಟು, ಬರಲಿಲ್ಲ ಬರಲಿಲ್ಲ ಅಂತ ದಿನಾ ಬಗ್ಗಿ ನೋಡ್ತಿದ್ರಿ!"

ಹೆಗಡೆಯವರ ತಲೆ ಎದ್ದಿತು.

"ಕಳೆ ಕೀಳ್ತೀನಿ ಅಂತ ಹೋಗಿ ಕೊತ್ತಂಬರಿ ಎಲ್ಲಾ ಕಿತ್ತು, ಗರಿಕೆಗೆ ನೀರು ಹಾಕಿ ಸಾಕಿದ್ರಿ! ಹಸಿ ಸಗಣಿ ಬುಡಕ್ಕೆ ತುಂಬಿ ಇಡೀ ಮೆಣಸಿನ ಮಡಿ ಸುಟ್ರಿ!"

"ಅಮ್ಮಾ, ಸ್ವಲ್ಪ ನಿಧಾನ" ಎಂದರು ಹೆಗಡೆಯವರು, ಪೆನ್ನಿಗಾಗಿ ಜೇಬು ತಡಕಾಡುತ್ತ.

"ಸುಮ್ಮನಿರಮ್ಮಾ!" ಎಂದು ಪಟೇಲರು ಹಲ್ಲು ಕಚ್ಚಿ ಸನ್ನೆ ಮಾಡಿದರು. ನೀಲಾಂಬಿಕಮ್ಮನವರಿಗೆ ಆ ಹೊತ್ತಿನಲ್ಲಿ ಪಟೇಲರೂ ಕಾಣುತ್ತಿರಲಿಲ್ಲ, ಸರ್ಕಾರವೂ ಕಾಣುತ್ತಿರಲಿಲ್ಲ.

"ಸರ್ಕಾರದ ಬಿಳಿ ಗೊಬ್ಬರ ತಂದು ಅಡಿಗೆಮನೆ ಗೂಡಲ್ಲಿ ಇಟ್ರಲ್ಲ! ಉಪ್ಪು ಅಂತ ಸಾರಿಗೆ ಹಾಕೋಕೆ ಹೋಗಿದ್ದೆ. ವಾಸನೆ ಬಂದಿದ್ಕೆ ಬದುಕಿದ್ವಿ, ಇಲ್ಲಾಂದ್ರೆ ಅವತ್ತೇ ಮುಗೀತಿತ್ತು ನಿಮ್ಮ ವ್ಯವಸಾಯ!"

"ಗೊಬ್ಬರದ ಬಳಕೆ ಮತ್ತು ದಾಸ್ತಾನು" ಎಂದು ಹೆಗಡೆಯವರು ಗಟ್ಟಿಯಾಗಿ ಹೇಳಿಕೊಂಡು ಬರೆದರು. "ಮುಂದೆ ಹೇಳಿ ಅಮ್ಮಾ. ಕಸಿ ಕಟ್ಟೋದು?"

"ಕಸೀನಾ? ಹಿತ್ತಲ ಮಾವಿನ ಗಿಡಕ್ಕೆ ಕಸಿ ಕಟ್ಟಿದ್ರು ಸ್ವಾಮಿ. ಗಿಡ, ಕಸಿ ಎರಡೂ ಒಣಗಿದ್ವು. ಕಟ್ಟಿದ ಬಟ್ಟೆ ಮಾತ್ರ ಚೆನ್ನಾಗೈತೆ, ಅಂಗಡೀದು."

ಇಷ್ಟು ಹೇಳಿದ ಮೇಲೆಯೇ ನೀಲಾಂಬಿಕಮ್ಮನವರಿಗೆ ಎದುರಿಗೆ ಕೂತು ಬರೆದುಕೊಳ್ಳುತ್ತಿರುವವರು ಯಾರೆಂದು ಅರಿವಾದದ್ದು. ಕೈಯ ಪಂಚೆ ಹಾಗೇ ನಿಂತಿತು. ಸೆರಗು ಬಾಯಿಗೆ ಹೋಯಿತು. ಊರು ತಲೆ ತಗ್ಗಿಸಿತು. ಪಟೇಲರು ಆನವಟ್ಟಿಯ ದಿಕ್ಕಿನ ಕಡೆ ನೋಡಿ ದೊಡ್ಡದೊಂದು ನಿಟ್ಟುಸಿರು ಬಿಟ್ಟರು.

"ಮುಗೀತಲ್ಲ?" ಎಂದರು ಅಣ್ಣ ಶಿವಮೂರ್ತಪ್ಪನವರು ಹತ್ತಿರ ಬಂದು. "ಒದ್ದೆ ಬಟ್ಟೆ ಬದಲಿಸ್ಕೊಂಡು ಗಾಡಿ ಹತ್ತು. ಸಾಮಾನು ಆಮೇಲೆ ಬರ್ತಾವೆ."

"ಎಲ್ಲಿಗೆ? ಯಾರು?" ಎಂದು ಹೆಗಡೆಯವರು ದಡಕ್ಕನೆ ಎದ್ದರು. ಮೇಷ್ಟ್ರ ಒದ್ದೆ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇವ್ರನ್ನ ನಾನು ಎಲ್ಲಿಗೂ ಬಿಡೋದಿಲ್ಲ! ಇಂಥವ್ರು ಒಬ್ರು ಸಿಗ್ತಾರಾ ಅಂತ ಊರೂರು ಅಲೆದಿದೇನೆ. ಇವ್ರಿಗೆ ಏನೇನು ಬೇಕು ಅಂದ್ರೆ... ಎಲ್ಲಾ ಬೇಕು! ಮೊದಲನೇ ತರಬೇತಿಗೆ ಇವ್ರೇ ಹೋಗ್ಬೇಕು."

"ಅವ್ನು ಟೆಂಪರರಿ ಅಲ್ವೇನ್ರೀ?" ಎಂದರು ಅಣ್ಣ.

"ಅದೇ ಒಂದು ತೊಡಕು." ಹೆಗಡೆಯವರು ಹಣೆ ತಿಕ್ಕಿಕೊಂಡರು. "ಪರ್ಮನೆಂಟ್ ಆದವ್ರನ್ನ ಮಾತ್ರ ಕಳಿಸ್ಬೇಕು ಅಂತ ರೂಲಿದೆ. ಟೆಂಪರರಿ ಮನುಷ್ಯಂಗೆ ದುಡ್ಡು ಹಾಕಿ ಕಲಿಸಿ, ಅವ್ನು ಬಿಟ್ಟು ಹೋದ್ರೆ ಸರ್ಕಾರಕ್ಕೆ ಲುಕ್ಸಾನು." ಆಮೇಲೆ ಅವರ ಮುಖ ಬೆಳಗಿತು. "ಹಾಗಾದ್ರೆ ಮೊದ್ಲು ಪರ್ಮನೆಂಟ್ ಮಾಡಿಸೋದು! ಇಷ್ಟೊಂದು ಬಾರದೆ ಇರೋರು ಬೇರೆ ಯಾರೂ ಇಲ್ಲ ಅಂತ ಬರೆದ್ರೆ ಮೇಲಿನವ್ರು ಇಲ್ಲ ಅನ್ನೋದಿಲ್ಲ."

ಶಿವಮೂರ್ತಪ್ಪನವರು ಗಾಡಿಯವನಿಗೆ ಕೊಟ್ಟ ಮುಂಗಡ ವಾಪಸು ಕೇಳಿದರು. ಅವನು ಕೊಡಲಿಲ್ಲ.

ಈ ಸುದ್ದಿ ಎರಡು ತಾಲ್ಲೂಕಿನಲ್ಲಿ ಹಬ್ಬಲು ಒಂದು ಸಂತೆ ಸಾಕಾಯಿತು. ಎಲ್ಲ ಬಲ್ಲ ಮೇಷ್ಟ್ರುಗಳೆಲ್ಲ ಟೆಂಪರರಿಯಾಗಿಯೇ ಉಳಿದರು. ಏನೂ ಬಾರದ ಬೆನಕಪ್ಪ ಸರ್ಕಾರದ ಖರ್ಚಿನಲ್ಲಿ ತರಬೇತಿಗೆ ಹೊರಟ, ಅದೂ ಪರ್ಮನೆಂಟಾಗಿ! ನಮಗೂ ಏನೂ ಬರುವುದಿಲ್ಲ ಎಂದು ಹೇಳಿಬಿಡೋಣವೆಂದರೆ, ಜಪಾನಿನವರಿಗಿಂತ ಚೆನ್ನಾಗಿ ಬರುತ್ತದೆ ಎಂದು ಅವರವರ ಬಾಯಲ್ಲೇ ಹೇಳಿ ಬಂದಾಗಿದೆ. ಆಡಿದ ಮಾತನ್ನು ತಾವೇ ಹಿಂದಕ್ಕೆ ತೆಗೆದುಕೊಂಡರೆ ಮರ್ಯಾದೆ ಏನಾಯಿತು? ಆದರೆ ಹೆಂಡತಿ ಹೇಳಿದರೆ ಆ ಹೆಗಡೆ ನಂಬುತ್ತಾನಂತೆ.

ಹೀಗಾಗಿ, ಬೆನಕಪ್ಪನವರು ಹೆಂಡತಿಯ ಜೊತೆ ಶಿಕಾರಿಪುರಕ್ಕೆ ಆರ್ಡರ್ ತೆಗೆದುಕೊಳ್ಳಲು ಹೋದ ದಿನ ಹೆಗಡೆಯವರ ಆಫೀಸಿನ ಜಗಲಿಯಲ್ಲಿ ಮೇಷ್ಟ್ರುಗಳ ಹೆಂಡಂದಿರು ಸಾಲುಗಟ್ಟಿ ಕೂತಿದ್ದರು. ಮೇಷ್ಟ್ರುಗಳು ದೂರದಲ್ಲಿ, ತಮಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ, ಬೇವಿನ ಮರದ ಎಲೆ ಪರೀಕ್ಷಿಸುತ್ತ ನಿಂತಿದ್ದರು. ನೀಲಾಂಬಿಕಮ್ಮನನ್ನು ಕಂಡಕೂಡಲೇ ಹೆಂಗಸರು ಸುತ್ತುಗಟ್ಟಿದರು.

"ಅಕ್ಕಾ, ನೀವು ಏನಂತ ಶುರು ಮಾಡಿದ್ರಿ?"

"ನಮ್ಮನೆಯವ್ರು ಬರೇ ಬೀಜ ತೇವದಲ್ಲಿಟ್ಟು ಮುಗ್ಗಿಸ್ತಾರೆ. ಅಷ್ಟು ಹೇಳಿದ್ರೆ ಸಾಕಾ ಅಕ್ಕಾ?"

"ಮೆತ್ತಗೆ ಹೇಳಿದ್ರೆ ಅವ್ರು ಬರ್ಕೊಳ್ಳಾದಿಲ್ಲ ಕಣ್ರೇ" ಎಂದು ನೀಲಾಂಬಿಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರು. "ಗಂಡನ ಮುಖ ನೋಡ್ಬ್ಯಾಡ್ರಿ. ನೋಡಿದ್ರೆ ಕನಿಕರ ಬರ್ತದೆ. ಹಳೇದು ಒಂದು ನೆನಪು ಮಾಡ್ಕೊಂಡು ಶುರು ಮಾಡ್ರಿ, ಮಿಕ್ಕಿದ್ದು ತಾನೇ ಬರ್ತದೆ."

ಸರ್ಕಾರ ಯೋಚಿಸಿದ ತರಬೇತಿಗಳಲ್ಲಿ ಎರಡು ತಾಲ್ಲೂಕಿನಲ್ಲಿ ಮೊಟ್ಟಮೊದಲು ನಡೆದದ್ದು ಇದೇ.

ಒಬ್ಬೊಬ್ಬರೇ ಒಳಗೆ ಹೋಗಿ ಗೆದ್ದು ಬಂದರು. ಕೊನೆಗೆ ಆನವಟ್ಟಿಯ ಕಡೆಯ ಆ ಎಳೆಯ ಮೇಷ್ಟ್ರ ಹೆಂಡತಿಯ ಸರದಿ ಬಂತು. ರಾಜೇಶ್ವರಿ ಎಂದು ಹೆಸರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಕಿಟಕಿಯ ಹೊರಗೆ ನಿಂತು, ಹೇಳು ಹೇಳು ಎಂದು ಕೈಸನ್ನೆ ಮಾಡುತ್ತಿದ್ದ. ಅವಳು ಕಿಟಕಿಯ ಕಡೆ ನೋಡಿಬಿಟ್ಟಳು.

"ಹೇಳಿ ತಂಗಿ" ಎಂದರು ಹೆಗಡೆಯವರು. "ನಿಮ್ಮ ಯಜಮಾನ್ರಿಗೆ ಏನು ಬರೋದಿಲ್ಲ?"

ಹುಡುಗಿ ಕೆಂಪಗಾದಳು. ಸೆರಗಿನ ತುದಿ ಬೆರಳಿಗೆ ಸುತ್ತಿದಳು.

"ನಮ್ಮನೆಯವ್ರಿಗೆ ಬಾರದೇ ಇರೋದು ಯಾವ್ದೂ ಇಲ್ಲ ಸಾರ್" ಎಂದಳು.

ಕಿಟಕಿಯ ಹೊರಗೆ ಹಣೆ ಗೋಡೆಗೆ ಬಡಿದ ಸದ್ದು ಕೇಳಿತು.

ಆರ್ಡರನ್ನು ಜೇಬಿನಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆಯುವಾಗ ಬೆನಕಪ್ಪನವರು ಎರಡು ಸಲ ಹಿಂದಕ್ಕೆ ತಿರುಗಿ ಆಫೀಸಿನ ಕಡೆ ನೋಡಿದರು. ನೀಲಾಂಬಿಕಮ್ಮನೇ, "ಪಾಪ, ಎಂಥ ಹುಚ್ಚು ಹುಡುಗಿ! ಒಂದು ಮಾತಿನಲ್ಲಿ ಗಂಡನ ಬಾಳು ಕೆಡಿಸಿದ್ಲು" ಎಂದರು.

"ಹೂಂ" ಎಂದರು ಮೇಷ್ಟ್ರು. ಇನ್ನೂ ಸ್ವಲ್ಪ ದೂರ ನಡೆದು, ಗಂಟಲು ಸರಿಮಾಡಿಕೊಂಡು, "ಅಲ್ಲ ಕಣೇ... ನೌಕರಿ ವಿಷಯ ಆತು ಬಿಡು. ಈಗ ಯಾರೂ ಬರ್ಕೊಳ್ಳೋರು ಇಲ್ಲ. ನೀನೂ ನನ್ನ ಬಗ್ಗೆ ಹಂಗೆ ಒಂದು ಮಾತು ಹೇಳಬಹುದಲ್ಲ?" ಎಂದರು.

ನೀಲಾಂಬಿಕಮ್ಮ ಗಂಡನನ್ನು ಮೇಲಿಂದ ಕೆಳಗಿನವರೆಗೂ ನೋಡಿದರು.

"ಮೊದ್ಲು ತರಬೇತಿ ಮುಗಿಸ್ಕೊಂಡು ಬರ್ರಿ" ಎಂದರು. "ಆಮೇಲೆ ನೋಡಾನ."